ಪಾರ್ಕಿನ ಬೆಂಚು ಟಕ್ ಅಂದರೆ ಕೆಳಗೆ ಬಗ್ಗಿ ನೋಡಿ

ಲಿಫ್ಟಿನೊಳಗೆ ಒಂದು ಬೋರ್ಡು ಇರುತ್ತದೆ: 8 ಜನ, 544 ಕೆಜಿ. ಅಂದರೆ ತಲೆಗೆ 68 ಕೆಜಿ ಲೆಕ್ಕ. ಪಾರ್ಕಿನ ಬೆಂಚಿಗೆ ಅಂಥ ಬೋರ್ಡು ಯಾರೂ ಹಾಕಲ್ಲ. ಬೆನ್ನೊರಗುವ ಕಲ್ಲಿನ ಮೇಲೆ ದಾನಿಗಳ ಹೆಸರು ಕೆತ್ತಿರುತ್ತಾರೆ, ಯಾರ ಜ್ಞಾಪಕಾರ್ಥ ಅನ್ನೋದು ಇರುತ್ತದೆ. ಎಷ್ಟು ಭಾರ ತಡೆಯುತ್ತದೆ ಅನ್ನೋದು ಮಾತ್ರ ಇರಲ್ಲ.

ನಾನು ಕಟ್ಟಡದ ಕೆಲಸದಲ್ಲಿ ಸೈಟ್ ಸೂಪರ್‌ವೈಸರ್ ಆಗಿದ್ದವನು. ಈಗ ಬೆಂಗಳೂರಿನ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಬೆಳಗ್ಗೆ ಐದು ಸುತ್ತು ನಡೆದು, ಆಮೇಲೆ ಬೆಂಚುಗಳ ಕೆಳಗೆ ಬಗ್ಗಿ ನೋಡುವುದು ಅಭ್ಯಾಸ. ಮನೆಯವರಿಗೆ ಇದು ಸ್ವಲ್ಪ ಮುಜುಗರ. ಆದರೆ ಬೆಂಚಿನ ಕಾಯಿಲೆ ಮುಕ್ಕಾಲು ಪಾಲು ಇರುವುದು ಕೆಳಗೆ. ಮೇಲಿನಿಂದ ನೋಡಿದರೆ ಬಣ್ಣ ಕಾಣುತ್ತದೆ, ಅಷ್ಟೆ.

ಬೆಂಚು ಮುರಿದರೆ ಜನ ಮೊದಲು ಹೇಳುವುದು "ತುಂಬಾ ಜನ ಕೂತಿದ್ರು" ಅಂತ. ಇಲ್ಲವೇ ಸ್ವಲ್ಪ ದಪ್ಪಗಿರುವವರನ್ನು ತೋರಿಸಿ ನಗುತ್ತಾರೆ. ನಾನು ನೋಡಿದ ಮಟ್ಟಿಗೆ ಬರೀ ಕೂತವರ ತೂಕಕ್ಕೆ ಮುರಿದ ಬೆಂಚು ಬಹಳ ಕಮ್ಮಿ. ಕಾಲು ಕುಸಿದಿರುತ್ತದೆ, ಬೋಲ್ಟಿನ ಸುತ್ತ ಮರ ಕೊಳೆತಿರುತ್ತದೆ, ಪೈಪನ್ನು ಒಳಗಿನಿಂದ ತುಕ್ಕು ತಿಂದಿರುತ್ತದೆ. ಕೂತವರು ಬರೀ ನೆಪ. ಹಾಗಾಗಿ "ಎಷ್ಟು ತೂಕ ತಡೆಯುತ್ತದೆ" ಅಂತ ಕೇಳುವ ಮುಂಚೆ "ತೂಕ ಎಲ್ಲಿಂದ ಎಲ್ಲಿಗೆ ಇಳಿಯುತ್ತಿದೆ" ಅಂತ ನೋಡಬೇಕು.

ಸ್ವಲ್ಪ ಲೆಕ್ಕ

6 ಅಡಿ ಉದ್ದದ ಬೆಂಚಿನಲ್ಲಿ ಆರಾಮಾಗಿ ಮೂರು ಜನ, ಒತ್ತರಿಸಿಕೊಂಡರೆ ನಾಲ್ಕು ಜನ ಕೂರುತ್ತಾರೆ. ಲಿಫ್ಟಿನ ಲೆಕ್ಕವನ್ನೇ ಹಿಡಿದರೆ 272 ಕೆಜಿ. ಇದು ಮೆಲ್ಲಗೆ ಕೂತರೆ. ಧಪ್ ಅಂತ ಕೂತರೆ ಲೆಕ್ಕ ಬೇರೆ. ಎತ್ತರದಿಂದ ಬೀಳಬೇಕಾಗಿಯೇ ಇಲ್ಲ. ಭಾರವನ್ನು ಮೆಲ್ಲಗೆ ಇಳಿಸದೆ ಒಮ್ಮೆಗೇ ಬಿಟ್ಟರೆ ಸಾಕು, ಆ ಕ್ಷಣಕ್ಕೆ ಎರಡರಷ್ಟು ಭಾರ ಬಿದ್ದ ಹಾಗೆ. ಮಕ್ಕಳು ಬೆಂಚಿನಿಂದ ಬೆಂಚಿಗೆ ಹಾರುವಾಗ ಇದಕ್ಕಿಂತಲೂ ಜಾಸ್ತಿ.

ನಮ್ಮ ಕಡೆ ಕಲ್ಲು ಬೆಂಚುಗಳೇ ಜಾಸ್ತಿ ಅಲ್ವಾ, ಅದನ್ನೇ ತಗೊಳ್ಳೋಣ. 6 ಅಡಿ ಉದ್ದ, ಒಂದೂವರೆ ಅಡಿ ಅಗಲ, 3 ಇಂಚು ದಪ್ಪದ ಗ್ರಾನೈಟ್ ಚಪ್ಪಡಿ ತಾನೇ 160-170 ಕೆಜಿ ತೂಗುತ್ತದೆ. ಎರಡು ಕಾಲುಗಳ ನಡುವೆ 5 ಅಡಿ ಇದ್ದು, ಮೇಲೆ ನಾಲ್ಕು ಜನ ಕೂತರೂ, ಬಿರುಕಿಲ್ಲದ ಒಳ್ಳೆಯ ಗ್ರಾನೈಟು ಆ ಭಾರದ ನಾಲ್ಕೈದು ಪಟ್ಟನ್ನು ತಡೆಯುವಷ್ಟು ಗಟ್ಟಿ. ಅದೇ ಚಪ್ಪಡಿ 2 ಇಂಚಿಗೆ ಇಳಿದರೆ ಕಲ್ಲಿನ ಒಳಗಿನ ಎಳೆತ, ಅಂದರೆ ಬಗ್ಗುವಾಗ ಕಲ್ಲನ್ನು ಸೀಳಲು ನೋಡುವ ಬಲ, ಇಮ್ಮಡಿಯಾಗುತ್ತದೆ. ಆಗಲೂ ತಡೆಯುತ್ತದೆ, ಆದರೆ ಕೈಯಲ್ಲಿ ಉಳಿಯುವುದು ಕಮ್ಮಿ. ಇನ್ನು ಬಿರುಕು ಅರ್ಧ ದಪ್ಪಕ್ಕೆ ಇಳಿದಿದ್ದರೆ ಶಕ್ತಿ ಅರ್ಧ ಆಯಿತು ಅಂದುಕೊಳ್ಳಬೇಡಿ. ಕಾಲು ಭಾಗ ಉಳಿದರೆ ಹೆಚ್ಚು.

ಕಲ್ಲನ್ನು ಒತ್ತಿದರೆ ಎಷ್ಟಾದರೂ ತಡೆಯುತ್ತದೆ. ಬಗ್ಗಿಸಿದರೆ ತಡೆಯಲ್ಲ. ಹಂಪಿಯ ಮಂಟಪಗಳಲ್ಲಿ ಕಂಬಗಳು ಯಾಕೆ ಅಷ್ಟು ಹತ್ತಿರ ಹತ್ತಿರ ಇವೆ? ಮೇಲಿನ ಕಲ್ಲಿನ ತೊಲೆ ತುಂಬಾ ದೂರ ಚಾಚಿಕೊಂಡರೆ ತನ್ನ ಭಾರಕ್ಕೇ ಬಿರಿಯುತ್ತದೆ, ಅದಕ್ಕೆ. ಕಬ್ಬಿಣ ಮುರಿಯುವ ಮುಂಚೆ ಬಗ್ಗಿ ತೋರಿಸುತ್ತದೆ. ಮರ ಕಿರುಗುಟ್ಟುತ್ತದೆ. ಕಲ್ಲು ಏನೂ ಹೇಳದೆ ಒಂದು ದಿನ ಎರಡಾಗುತ್ತದೆ.

ಕೂತರೆ "ಟಕ್" ಅನ್ನುತ್ತದೆ

ಇದು ಸಾಮಾನ್ಯವಾಗಿ ಸಿಗುವ ಲಕ್ಷಣ. ಜನ ಅಷ್ಟೇ ಬೇಗ ಇದಕ್ಕೆ ಒಗ್ಗಿಯೂ ಹೋಗುತ್ತಾರೆ. ನಮ್ಮ ಪಾರ್ಕಿನ ಒಂದು ಬೆಂಚಿನ ಕತೆ ಹೇಳುತ್ತೇನೆ, ಪತ್ತೆ ಮಾಡುವ ದಾರಿಯೂ ಅದರಲ್ಲೇ ಬರುತ್ತದೆ.

ಹೊಂಗೆ ಮರದ ಕೆಳಗಿನ ಬೆಂಚು. 2 ಇಂಚಿನ ಚಪ್ಪಡಿ, ಎರಡು ತುದಿಗೆ ಎರಡು ಕಾಲು, ಮಧ್ಯಕ್ಕೆ ಇನ್ನೊಂದು. "ಮೂರು ಕಾಲು ಇದೆ, ಆನೆ ಕೂತರೂ ಏನೂ ಆಗಲ್ಲ" ಅಂತ ಹಾಕಿದವರು ಹೇಳಿದ್ದರಂತೆ. ಎರಡು ಮಳೆಗಾಲ ಕಳೆದ ಮೇಲೆ ಕೂತಾಗ ಎದ್ದಾಗ ಟಕ್ ಅನ್ನೋಕೆ ಶುರುವಾಯಿತು. ಸಂಜೆ ಅಲ್ಲಿ ಕೂರುವ ನಾಲ್ಕು ಹಿರಿಯರು ಅದನ್ನು ತಮಾಷೆ ಮಾಡಿಕೊಂಡು, ಯಾರು ಎದ್ದರೆ ಜಾಸ್ತಿ ಸದ್ದು ಅಂತ ಪಂದ್ಯ ಕಟ್ಟುತ್ತಿದ್ದರು.

ಒಂದು ಬೆಳಗ್ಗೆ ಖಾಲಿ ಇದ್ದಾಗ ನೋಡಿದೆ. ನನ್ನ ಹತ್ತಿರ ಇದ್ದ ಅಳತೆಯ ಸಾಧನ ಒಂದು ಹಳೇ ಎಟಿಎಂ ಕಾರ್ಡು. ಅದರ ದಪ್ಪ ಹತ್ತಿರ ಹತ್ತಿರ ಮುಕ್ಕಾಲು ಮಿಲಿಮೀಟರ್. ಚಪ್ಪಡಿಗೂ ಕಾಲಿಗೂ ನಡುವೆ ತೂರಿಸಿ ನೋಡಿದೆ. ಎಡ ತುದಿಯಲ್ಲಿ ಹೋಗಲಿಲ್ಲ. ಮಧ್ಯದಲ್ಲಿ ಹೋಗಲಿಲ್ಲ. ಬಲ ತುದಿಯಲ್ಲಿ ಕಾರ್ಡು ಸಲೀಸಾಗಿ ಒಳಗೆ ಹೋಗಿ ಆ ಕಡೆ ಇಣುಕಿತು. ಅಂದರೆ ಬಲಗಾಲು ಬೆಂಚನ್ನು ಹೊತ್ತೇ ಇರಲಿಲ್ಲ. ಸುಮ್ನೆ ಪಕ್ಕದಲ್ಲಿ ನಿಂತಿತ್ತು.

ಕಾರಣ ಹುಡುಕಲು ದೂರ ಹೋಗಬೇಕಾಗಲಿಲ್ಲ. ಬಲಗಾಲಿನ ಹಿಂದೆ ಹೆಗ್ಗಣದ ಬಿಲ. ಗಿಡಕ್ಕೆ ನೀರು ಬಿಡುವ ಪೈಪು ದಿನಾ ಅಲ್ಲೇ ಬಿದ್ದಿರುತ್ತಿತ್ತು. ನೀರು ಬಿಲದೊಳಗೆ ಇಳಿದು ಮಣ್ಣು ಕರಗಿ ಕಾಲು ಕುಸಿದಿತ್ತು. ಮಧ್ಯದ ಕಾಲಿನ ಕೆಳಗೆ ಹಳೇ ನಡೆದಾರಿಯ ಕಾಂಕ್ರೀಟು ಇತ್ತು. ಅದು ಒಂದಿಷ್ಟೂ ಕದಲಿರಲಿಲ್ಲ.

ಈಗ ಭಾರ ಹೇಗೆ ಇಳಿಯುತ್ತದೆ ನೋಡಿ. ಬಲಗಡೆ ಕೂತ ಇಬ್ಬರಿಗೆ ಕೆಳಗೆ ಆಧಾರವಿಲ್ಲ. ಎಡಗಡೆ ಕೂತ ಇಬ್ಬರು ಆ ಕಡೆಯನ್ನು ಒತ್ತಿ ಹಿಡಿದಿದ್ದಾರೆ. ಸೀಸಾ ಹಲಗೆಯ ಎರಡೂ ತುದಿಗೆ ಮಕ್ಕಳು ಕೂತ ಹಾಗೆ. ಚಪ್ಪಡಿ ಮಧ್ಯದ ಕಾಲಿನ ಮೇಲೆ ಬಿಲ್ಲಿನಂತೆ ಬಗ್ಗಲು ನೋಡುತ್ತದೆ. ಎಳೆತ ಬೀಳುವುದು ಚಪ್ಪಡಿಯ ಮೇಲ್ಮುಖಕ್ಕೆ, ಸರಿಯಾಗಿ ಮಧ್ಯಕ್ಕೆ.

ಅಲ್ಲಿ ಕಣ್ಣಿಗೆ ಏನೂ ಕಾಣಲಿಲ್ಲ. ಆಗ ನೀರಿನ ಪರೀಕ್ಷೆ ಮಾಡಿದೆ. ಒಂದು ಚೊಂಬು ನೀರು ಚಪ್ಪಡಿಯ ಮೇಲೆ ಹರಡಿ ಬಿಸಿಲಿಗೆ ಬಿಟ್ಟರೆ ಸಾಕು. ಮೇಲಿನ ನೀರು ಬೇಗ ಆರುತ್ತದೆ. ಬಿರುಕಿನೊಳಗೆ ಇಳಿದ ನೀರು ನಿಧಾನವಾಗಿ ಆರುತ್ತದೆ. ಹತ್ತು ನಿಮಿಷದಲ್ಲಿ ಕಲ್ಲು ಬೆಳ್ಳಗಾಯಿತು, ಮಧ್ಯದಲ್ಲಿ ಅಡ್ಡಕ್ಕೆ ಕೂದಲೆಳೆಯಂಥ ಒಂದು ಕಪ್ಪು ಗೆರೆ ಉಳಿಯಿತು. ಗೆರೆ ಹೊರಟಿದ್ದು ಚಪ್ಪಡಿಯ ಅಂಚಿನಲ್ಲಿದ್ದ ಅರ್ಧ ತೂತಿನಿಂದ. ಕ್ವಾರಿಯಲ್ಲಿ ಕಲ್ಲು ಸೀಳುವಾಗ ಬೆಣೆ ಹೊಡೆದ ಗುರುತು ಅದು. ಬೆಣೆಯ ತೂತಿರುವ ಅಂಚನ್ನು ಕತ್ತರಿಸಿ ತೆಗೆಯದೆ ಹಾಗೇ ಬಿಟ್ಟರೆ ಬಿರುಕಿಗೆ ಬಾಗಿಲು ತೆರೆದಿಟ್ಟ ಹಾಗೆ.

ಬಿರುಕು ಎಲ್ಲಿದೆ ಅನ್ನೋದರಿಂದಲೇ ಕಾರಣ ಗೊತ್ತಾಗುತ್ತದೆ. ಎರಡು ಕಾಲಿನ ನಡುವೆ, ಚಪ್ಪಡಿಯ ತಳದಲ್ಲಿ ಅಡ್ಡ ಬಿರುಕು ಇದ್ದರೆ ಕಲ್ಲು ತೆಳುವಾಯಿತು, ಇಲ್ಲವೇ ಕಾಲುಗಳ ಅಂತರ ಜಾಸ್ತಿಯಾಯಿತು. ಕಾಲಿನ ನೆತ್ತಿಯ ಮೇಲೆ, ಮೇಲ್ಮುಖದಲ್ಲಿ ಬಿರುಕು ಇದ್ದರೆ ಆ ಕಾಲು ಎತ್ತರ, ಪಕ್ಕದ್ದು ಕುಸಿದಿದೆ. ಮೂಲೆ ಮಾತ್ರ ಚಕ್ಕೆ ಎದ್ದಿದ್ದರೆ ಕಾಲಿನ ಮೇಲೆ ಚಪ್ಪಡಿ ಪೂರ್ತಿ ಕೂತಿಲ್ಲ, ಒಂದು ಉಬ್ಬಿನ ಮೇಲೆ ನಿಂತಿದೆ.

ಗೆರೆ ಕಂಡರೂ ಅದು ಬಿರುಕೋ ಕಲ್ಲಿನ ಎಳೆಯೋ ಅನ್ನೋ ಅನುಮಾನ ಬರುತ್ತದೆ. ಗ್ರಾನೈಟಿನಲ್ಲಿ ಹುಟ್ಟಾ ಬಿಳಿ ಕಪ್ಪು ಎಳೆಗಳು ಇದ್ದೇ ಇರುತ್ತವೆ. ಉಗುರು ಅಡ್ಡ ಎಳೆದರೆ ಎಳೆಯಲ್ಲಿ ತಡೆಯಲ್ಲ, ಬಿರುಕಿನಲ್ಲಿ ತಡೆಯಬಹುದು. ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿ. ಗಟ್ಟಿ ಕಲ್ಲು ಠಣ್ ಅನ್ನುತ್ತದೆ, ಬಿರುಕಿದ್ದರೆ ಡಬ್ ಅನ್ನುತ್ತದೆ. ಕಲ್ಲುಕುಟಿಗರು ಕಲ್ಲು ಆರಿಸುವುದೇ ಹೀಗೆ. ಅವರ ಕಿವಿ ನಮಗಿಲ್ಲ, ಅದಕ್ಕೆ ಒಂದೇ ಬೆಂಚಿನ ನಾಲ್ಕಾರು ಕಡೆ ತಟ್ಟಿ ಹೋಲಿಸಬೇಕು.

ಬಿರುಕು ಖಾತ್ರಿಯಾದರೆ ಸಿಮೆಂಟು, ಎಂಸೀಲು ತುಂಬಿ ಮುಚ್ಚಬೇಡಿ. ಮೇಲೆ ಚೆಂದ ಕಾಣುತ್ತದೆ, ಶಕ್ತಿ ಬರಲ್ಲ. ಜೊತೆಗೆ ಮುಂದೆ ನೋಡುವವರಿಗೆ ಬಿರುಕು ಕಾಣದ ಹಾಗೆ ಆಗುತ್ತದೆ. ಹಗ್ಗ ಕಟ್ಟಿ "ಕೂರಬೇಡಿ" ಅಂತ ಬರೆದು ಹಾಕಿ. ಬರೀ ಬೋರ್ಡು ಸಾಲಲ್ಲ. ನಮ್ಮ ಜನ ಬೋರ್ಡನ್ನು ಪಕ್ಕಕ್ಕಿಟ್ಟು ಕೂರುತ್ತಾರೆ. ಬೆಂಚಿನ ಮೇಲೆ ಮುಳ್ಳಿನ ಕೊಂಬೆ ಇಟ್ಟರೆ ಕೆಲಸ ಆಗುತ್ತದೆ.

ತುದಿಯಲ್ಲಿ ಕೂತರೆ ಆ ಕಡೆ ಏಳುತ್ತದೆ

ಕಲ್ಲು ಬೆಂಚಿನ ಚಪ್ಪಡಿಯನ್ನು ಎಷ್ಟೋ ಕಡೆ ಕಾಲಿಗೆ ಕಟ್ಟಿರುವುದೇ ಇಲ್ಲ. ಗಾರೆ ಹಾಕಿ ಮೇಲೆ ಕೂರಿಸಿರುತ್ತಾರೆ. ಗಾರೆ ಬಿಟ್ಟ ಮೇಲೆ ಅದು ನಿಂತಿರುವುದು ತನ್ನ ತೂಕದಿಂದ ಮಾತ್ರ. ಚಪ್ಪಡಿ ತೆಳ್ಳಗಿದ್ದು, ಕಾಲು ತುಂಬಾ ಒಳಗಿದ್ದರೆ ಅಪಾಯ. 6 ಅಡಿಯ 40 ಮಿಮೀ ಚಪ್ಪಡಿ 86 ಕೆಜಿ. ಕಾಲಿನ ಹೊರ ಅಂಚು ತುದಿಯಿಂದ 2 ಅಡಿ ಒಳಗಿದ್ದರೆ, 68 ಕೆಜಿಯ ಒಬ್ಬರು ತುದಿಗೆ ಸರಿದು ಕೂತರೂ ಸಾಕು, ಚಪ್ಪಡಿ ಮಗುಚುತ್ತದೆ. ಒಬ್ಬರೇ! ಕೂತವರಿಗಿಂತ ಕೆಳಗೆ ಆಡುತ್ತಿರುವ ಮಗುವಿನ ಬೆರಳಿನ ಯೋಚನೆ ನನಗೆ.

ಪರೀಕ್ಷೆ ಸುಲಭ. ಬೆಂಚಿನ ಮೇಲೆ ಕೂರದೆ, ಒಂದು ತುದಿಯನ್ನು ಎರಡೂ ಕೈಯಿಂದ ಕೆಳಗೆ ಒತ್ತಿ. ಇನ್ನೊಬ್ಬರು ದೂರದಲ್ಲಿ ಬಗ್ಗಿ ಆ ಕಡೆಯ ಸಂದು ನೋಡಲಿ. ಕೂದಲೆಳೆಯಷ್ಟು ಎದ್ದರೂ ಗಾರೆ ಬಿಟ್ಟಿದೆ. ಕೆಳಗೆ ಕೈ, ಕಾಲು ಇಡಬೇಡಿ. ಈ ಮಾತು ಅತಿಯಾಯಿತು ಅನಿಸಿದರೆ 86 ಕೆಜಿಯ ಕಲ್ಲನ್ನು ಒಮ್ಮೆ ಎತ್ತಿ ನೋಡಿ.

ಕಬ್ಬಿಣದ ಬೆಂಚುಗಳದ್ದು ಇದೇ ರೋಗ, ದಿಕ್ಕು ಬೇರೆ. ಅವು ಹಿಂದಕ್ಕೆ ಮಗುಚುತ್ತವೆ. ಕಾಲೇಜು ಹುಡುಗರು ಕೂರುವ ಜಾಗದಲ್ಲಿ ಕಾಲಿಟ್ಟು, ಬೆನ್ನೊರಗುವ ಕಂಬಿಯ ಮೇಲೆ ಕೂರುತ್ತಾರೆ. ಆ ಕಂಬಿ ಹಿಂದಿನ ಕಾಲಿಗಿಂತ ನಾಲ್ಕು ಬೆರಳು ಹಿಂದೆ ಚಾಚಿದ್ದರೂ, 40 ಕೆಜಿಯ ಬೆಂಚನ್ನು ಮಗುಚಲು ಇಬ್ಬರು ಸಾಕು. ನೆಲಕ್ಕೆ ಬೋಲ್ಟು ಹಾಕಿದ್ದರೆ ಮಗುಚಲ್ಲ, ಆದರೆ ಆ ಹೊರೆ ಎಲ್ಲಾ ಬೆನ್ನಿನ ಬುಡದ ವೆಲ್ಡಿಂಗಿಗೆ ಹೋಗುತ್ತದೆ. ಬೆನ್ನು ಹಿಡಿದು ಹಿಂದೆ ಮುಂದೆ ಜಗ್ಗಿ, ವೆಲ್ಡಿಂಗಿನ ಅಂಚಿನಲ್ಲಿ ಬಣ್ಣ ಬಿರಿದು ತುಕ್ಕಿನ ಗೆರೆ ಇದೆಯಾ ನೋಡಿ. ಅಂಥ ಗೆರೆ ಇದ್ದರೆ ಕೆಳಗಿನ ಲೋಹವೂ ಬಿರಿದಿರಬಹುದು.

ಕಬ್ಬಿಣ, ಬೀಡು, ಮರ

ಪೈಪಿನ ಬೆಂಚನ್ನು ಹೊರಗಿನಿಂದ ನೋಡಿ ಮೋಸ ಹೋಗಬೇಡಿ. ಪೈಪಿನ ಬಾಯಿ ಮುಚ್ಚದೆ ಬಿಟ್ಟಿದ್ದರೆ ಮಳೆ ನೀರು ಒಳಗೆ ಇಳಿಯುತ್ತದೆ. ಕೆಳಗೆ ಹೊರಹೋಗಲು ತೂತಿಲ್ಲದಿದ್ದರೆ ಅಲ್ಲೇ ನಿಲ್ಲುತ್ತದೆ. ಎಲ್ಲಕ್ಕಿಂತ ಮೊದಲು ಸಾಯುವ ಜಾಗ ಪೈಪು ನೆಲ ಮುಟ್ಟುವ ಆ ಎರಡು ಇಂಚು. ಎಲೆ, ಮಣ್ಣು ಸೇರಿ ಅದು ಸದಾ ಒದ್ದೆ. ನಾಯಿಗಳೂ ಅಲ್ಲೇ ಕಾಲೆತ್ತುತ್ತವೆ, ಆ ಉಪ್ಪು ತುಕ್ಕಿಗೆ ಹಬ್ಬ. ಮಣ್ಣು ಕೆದಕಿ, ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ ನೋಡಿ. ತಗಡು ಒಳಗೆ ತಗ್ಗಿದರೆ ಆ ಕಾಲಿನ ಕತೆ ಮುಗಿಯಿತು. ಮೇಲೆ ತೇಪೆ ವೆಲ್ಡಿಂಗ್ ಹಾಕಿದರೆ ತೆಳು ತಗಡು ಇನ್ನಷ್ಟು ಸುಡುತ್ತದೆ. ಆ ಭಾಗ ಕತ್ತರಿಸಿ ಹೊಸ ಪೈಪು ಕೂಡಿಸಬೇಕು.

ಇದಕ್ಕೆಲ್ಲಾ ಒಳ್ಳೆಯ ಸಮಯ ಆಗಸ್ಟ್ 15ಕ್ಕೆ ಬಣ್ಣ ಬಳಿಯುವ ಮುಂಚಿನ ವಾರ. ಬಳಿದ ಮೇಲೆ ಎಲ್ಲಾ ಬೆಂಚೂ ಹೊಸದೇ.

ಹಳೆಯ ಉದ್ಯಾನಗಳಲ್ಲಿ ಬಳ್ಳಿಯ ಕುಸುರಿ ಇರುವ ಕಾಲುಗಳಿರುತ್ತವಲ್ಲ, ಅವು ಬೀಡು ಕಬ್ಬಿಣ. ಬೀಡು ಬಗ್ಗಲ್ಲ, ಒಡೆಯುತ್ತದೆ. ಒಡೆದದ್ದನ್ನು ಮೂಲೆ ಅಂಗಡಿಯ ಸಾಮಾನ್ಯ ವೆಲ್ಡಿಂಗಿಗೆ ಕೊಟ್ಟರೆ ಪಕ್ಕದಲ್ಲೇ ಇನ್ನೊಂದು ಬಿರುಕು ಬರುತ್ತದೆ. ಅದಕ್ಕೆ ಮೊದಲು ಕಾಯಿಸಿ, ನಿಕಲ್ ಕಡ್ಡಿಯಿಂದ ಕೂಡಿಸಿ, ನಿಧಾನವಾಗಿ ಆರಲು ಬಿಡಬೇಕು. ಆ ಕೆಲಸ ಗೊತ್ತಿದ್ದವರನ್ನೇ ಹುಡುಕಿ.

ಮರದ ಪಟ್ಟಿಗಳಲ್ಲಿ ನೋಡಬೇಕಾದ್ದು ಬೋಲ್ಟಿನ ತೂತಿನ ಸುತ್ತ ಮತ್ತು ಪಟ್ಟಿಯ ಎರಡು ತುದಿ. ನೀರು ಒಳಗೆ ಇಳಿಯುವ ದಾರಿ ಅವು. ಮರದಲ್ಲಿ ತೇವ ಶೇ 20 ದಾಟಿ ಹಾಗೇ ಉಳಿದರೆ ಕೊಳೆಸುವ ಬೂಷ್ಟು ಮನೆ ಮಾಡುತ್ತದೆ. ಸ್ಕ್ರೂಡ್ರೈವರ್ ಚುಚ್ಚಿದರೆ ಗಟ್ಟಿ ಮರ ತಡೆಯುತ್ತದೆ. ಕೊಳೆತದ್ದು ಒದ್ದೆ ರಸ್ಕಿನ ಹಾಗೆ ಬಿಡುತ್ತದೆ. ಗೆದ್ದಲು ತಿಂದಿದ್ದರೆ ಮೇಲೆ ಸಿಪ್ಪೆ ಚೆನ್ನಾಗಿರುತ್ತದೆ, ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ನಟ್ಟು ಸಡಿಲವಾದರೆ ಬಿಗಿ ಮಾಡುವ ಮುಂಚೆ ಯಾಕೆ ಸಡಿಲವಾಯಿತು ಅಂತ ನೋಡಿ. ಕೆಳಗಿನ ಮರ ಕೊಳೆತು ಕುಗ್ಗಿದ್ದರೆ ಎಷ್ಟು ತಿರುಗಿಸಿದರೂ ನಟ್ಟು ಮರದೊಳಗೇ ಹೂತುಹೋಗುತ್ತದೆ.

ಒಂದು ತಮಾಷೆ ಇದೆ. ಮರದ ಪಟ್ಟಿ ಬಗ್ಗಿದರೆ ಮಧ್ಯಕ್ಕೊಂದು ಆಧಾರ ಕೊಡಿ ಅಂತ ನಾನೇ ಹೇಳುತ್ತೇನೆ. ಮರ ಸ್ವಲ್ಪ ಬಗ್ಗಿ ಮೂರು ಕಾಲಿನ ಮೇಲೂ ಹೊಂದಿಕೊಳ್ಳುತ್ತದೆ. ಕಲ್ಲಿಗೆ ಆ ಗುಣ ಇಲ್ಲ.

ಸಿಮೆಂಟಿನ ಬೆಂಚು

ಅಚ್ಚಿನಲ್ಲಿ ಎರಕ ಹೊಯ್ದ ಬೆಂಚುಗಳಲ್ಲಿ ಒಂದೇ ಗುರುತು ಸಾಕು: ಒಳಗಿನ ಕಂಬಿಯ ಉದ್ದಕ್ಕೂ ಹೋಗುವ ಬಿರುಕು, ಪಕ್ಕದಲ್ಲಿ ಕಂದು ಕಲೆ. ತುಕ್ಕು ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಜಾಗ ಬೇಡುತ್ತದೆ, ಒಳಗಿನಿಂದ ಕಾಂಕ್ರೀಟನ್ನು ಸೀಳುತ್ತದೆ. ಮೂಲ ಕಾರಣ ಕಂಬಿಯ ಮೇಲೆ ಕಾಂಕ್ರೀಟಿನ ಹೊದಿಕೆ ತೆಳ್ಳಗಿರುವುದು. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಮಧ್ಯಮ ಮಟ್ಟದ ವಾತಾವರಣಕ್ಕೇ 30 ಮಿಮೀ ಹೊದಿಕೆ ಕೇಳುತ್ತದೆ. 2 ಇಂಚಿನ ಹಲಗೆಯಲ್ಲಿ ಅಷ್ಟು ಎಲ್ಲಿಂದ ತರುತ್ತಾರೆ? ಚಕ್ಕೆ ಎದ್ದು ಕಂಬಿ ಕಂಡರೆ ಬದಲಿಸುವುದೇ ಸರಿ.

ಮುಟ್ಟಿದರೆ ಜುಮ್ ಅನ್ನುತ್ತದೆ

ಲೈಟು ಕಂಬದ ಪಕ್ಕದ ಕಬ್ಬಿಣದ ಬೆಂಚು ಮಳೆಯಲ್ಲಿ ಜುಮ್ ಅಂದರೆ ಪರೀಕ್ಷೆ ಗಿರೀಕ್ಷೆ ಏನೂ ಬೇಡ. ಟೆಸ್ಟರ್ ತರಲು ಮನೆಗೂ ಹೋಗಬೇಡಿ. ಯಾರೂ ಹತ್ತಿರ ಬಾರದ ಹಾಗೆ ನಿಂತು, ವಿದ್ಯುತ್ ಕಂಪನಿಯ ಸಹಾಯವಾಣಿ 1912ಕ್ಕೆ ಫೋನ್ ಮಾಡಿ.

ತೂಕ ಇಟ್ಟು ನೋಡುವುದು

ರಿಪೇರಿ ಆದ ಮರದ ಅಥವಾ ಕಬ್ಬಿಣದ ಬೆಂಚನ್ನು ಜನರನ್ನು ಕೂರಿಸಿ ಪರೀಕ್ಷೆ ಮಾಡಬೇಡಿ. ಮರಳಿನ ಚೀಲ ಇಡಿ. 272 ಕೆಜಿಯ ಒಂದೂವರೆ ಪಟ್ಟು ಅಂದರೆ 408, ಹತ್ತಿರ ಹತ್ತಿರ 50 ಕೆಜಿಯ ಎಂಟು ಚೀಲ. ಮೊದಲು ತುದಿಯಿಂದ ತುದಿಗೆ ದಾರ ಬಿಗಿದು, ಮಧ್ಯದಲ್ಲಿ ಪಟ್ಟಿಗೂ ದಾರಕ್ಕೂ ಎಷ್ಟು ಅಂತರ ಅಂತ ಬರೆದಿಟ್ಟುಕೊಳ್ಳಿ. ಚೀಲಗಳನ್ನು ಒಂದೊಂದಾಗಿ ಮೆಲ್ಲಗೆ ಇಡಿ, ಒಂದು ಗಂಟೆ ಬಿಡಿ, ಇಳಿಸಿ ಮತ್ತೆ ಅಳೆಯಿರಿ. ಬಗ್ಗಿದ್ದು ವಾಪಸ್ ಬಂದರೆ ಸರಿ. ಬಾರದೆ ಉಳಿದರೆ ಎಲ್ಲೋ ಒಂದು ಜೋಡಣೆ ಬಿಟ್ಟುಕೊಟ್ಟಿದೆ. ಬಿರುಕು ಬಿಟ್ಟ ಕಲ್ಲಿಗೆ ಈ ಪರೀಕ್ಷೆ ಮಾಡಲೇಬೇಡಿ. ಅದು ಏಳು ಚೀಲದ ತನಕ ಸುಮ್ಮನಿದ್ದು ಎಂಟನೆಯದಕ್ಕೆ ನಿಮ್ಮ ಪಾದದ ಮೇಲೆ ಬೀಳುತ್ತದೆ.

ದೂರು ಕೊಡುವಾಗ "ಬೆಂಚು ಸರಿ ಇಲ್ಲ" ಅಂತ ಬರೆದರೆ ಬಣ್ಣ ಬಳಿದು ಹೋಗುತ್ತಾರೆ. "ಬಲಗಾಲು ಕುಸಿದಿದೆ, ಚಪ್ಪಡಿಯ ಮೇಲ್ಮುಖದಲ್ಲಿ ಅಡ್ಡ ಬಿರುಕು" ಅಂತ ಫೋಟೋ ಸಮೇತ ಬರೆಯಿರಿ. ಬೆಂಗಳೂರಿನಲ್ಲಿ ಲಾಲ್‌ಬಾಗ್, ಕಬ್ಬನ್ ಪಾರ್ಕು ರಾಜ್ಯದ ತೋಟಗಾರಿಕೆ ಇಲಾಖೆಯವು, ಬಡಾವಣೆಯ ಪಾರ್ಕುಗಳು ಸಾಮಾನ್ಯವಾಗಿ ಪಾಲಿಕೆಯವು. ತಪ್ಪು ಕಡೆ ಕೊಟ್ಟರೆ ಕಾಗದ ತಿರುಗುತ್ತಲೇ ಇರುತ್ತದೆ.

ಹೊಂಗೆ ಮರದ ಬೆಂಚಿಗೆ ಮೂರು ತಿಂಗಳ ಮೇಲೆ ಹೊಸ ಚಪ್ಪಡಿ ಬಂತು, ಈ ಸಲ 3 ಇಂಚಿನದು. ಬಿಲ ಅಗೆದು, ಜಲ್ಲಿ ತುಂಬಿ ಗುದ್ದಿಸಿ, ಎರಡು ಕಾಲಿಗೂ ಒಂದೇ ಥರದ ಕಾಂಕ್ರೀಟ್ ಪಾಯ ಹಾಕಿಸಿದೆವು. ಕಾಲುಗಳನ್ನು ತುದಿಯಿಂದ ಉದ್ದದ ಐದನೇ ಒಂದು ಭಾಗ ಒಳಗೆ, ಅಂದರೆ ಹತ್ತಿರ ಹತ್ತಿರ ಒಂದೂಕಾಲು ಅಡಿ ಒಳಗೆ ಇಟ್ಟೆವು. ಆಗ ಕಲ್ಲಿನ ಮಧ್ಯಕ್ಕೂ ಕಾಲಿನ ನೆತ್ತಿಗೂ ಎಳೆತ ಹೆಚ್ಚು ಕಮ್ಮಿ ಸಮ ಹಂಚುತ್ತದೆ. ರಸಮಟ್ಟ ಇಟ್ಟು, ಗಾರೆ ಹಸಿ ಇರುವಾಗಲೇ ಚಪ್ಪಡಿ ಕೂರಿಸಿ, ಒಂದು ವಾರ ಮುಳ್ಳು ಹಾಕಿದೆವು.

ಮೇಸ್ತ್ರಿ ಮೂರನೇ ಕಾಲನ್ನೂ ಹಾಕಿಯೇ ಬಿಡೋಣ ಅಂತ ಕೊನೆಯ ತನಕ ಹಟ ಹಿಡಿದ. ಬೇಡ ಅಂದಿದ್ದಕ್ಕೆ ಅದನ್ನು ಎತ್ತಿ ಪಕ್ಕದಲ್ಲಿ ಹುಲ್ಲಿನ ಮೇಲೆ ನಿಲ್ಲಿಸಿ ಹೋದ. ಈಗ ಬೆಳಗ್ಗೆ ಓಡಲು ಬರುವ ಹುಡುಗಿಯರು ಅದರ ಮೇಲೆ ಕಾಲಿಟ್ಟು ಶೂ ಲೇಸು ಕಟ್ಟಿಕೊಳ್ಳುತ್ತಾರೆ.